‘ಸರ್ವರ್ ಡೌನ್’ ಅಂದ್ರೆ ಏನು? ಸೆಟ್ಟಿಂಗ್ ಬದಲಿಸೋಕೆ ಸೇವೆ ನಿಲ್ಲಿಸಲೇಬೇಕಾ?

ಪಹಣಿ, ಜಾತಿ-ಆದಾಯ ಪ್ರಮಾಣಪತ್ರ ಎಲ್ಲವೂ ಈಗ ಸರ್ವರ್‌ನಿಂದಲೇ ಬರಬೇಕು. ಸರ್ವರ್ ನಿಂತರೆ ಬೆಂಗಳೂರಿನ ಟೆಕ್ಕಿ ಸಂಜೆ ಮತ್ತೆ ಪ್ರಯತ್ನಿಸುತ್ತಾನೆ. ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೋಬಳಿಯ ಕೂಲಿಕಾರನಿಗೆ ಒಂದು ದಿನದ ದುಡಿಮೆಯೇ ಹೋಗುತ್ತೆ. ಹಾಗಾಗಿ ‘ಡೌನ್’ ಯಾಕೆ ಆಯ್ತು ಅನ್ನೋದು ಬರೀ ತಾಂತ್ರಿಕ ಪ್ರಶ್ನೆ ಅಲ್ಲ.

ಕಾರಣಗಳು ಹಲವು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತತ್ತರಿಸಿದ್ದು ಸೈಬರ್ ದಾಳಿಯಿಂದ. ಆದರೆ ಸೆಟ್ಟಿಂಗ್ ಬದಲಾವಣೆಗಾಗಿ ಸೇವೆ ನಿಲ್ಲಿಸುವುದು ಬಹುತೇಕ ತಪ್ಪಿಸಬಹುದಾದದ್ದು. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ, ಇದನ್ನು ಎಲ್ಲರೂ ತಿಳಿದಿರಬೇಕು ಅನ್ನಿಸುತ್ತೆ.

ಒಂದು ಸೆಟ್ಟಿಂಗ್, ಮೂರು ಜಾಗ

ಮೊದಲನೆಯದು ಡೀಫಾಲ್ಟ್: ನಾವು ಏನೂ ಹೇಳದಿದ್ದಾಗ ತಂತ್ರಾಂಶ ತಾನೇ ಹಿಡಿಯುವ ಮೌಲ್ಯ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಏಕಕಾಲದ ಸಂಪರ್ಕಗಳ ಮಿತಿ ಸಾಮಾನ್ಯವಾಗಿ 100. ಎರಡನೆಯದು, ನಿರ್ವಾಹಕರು ಬರೆದಿಟ್ಟ ಕಾನ್ಫಿಗರೇಶನ್ ಫೈಲ್. ಮೂರನೆಯದು, ಓಡುತ್ತಿರುವ ಸರ್ವರ್‌ನ ಮೆಮೊರಿಯಲ್ಲಿ ಇರುವುದು. ಫೈಲ್ ತಿದ್ದಿದ ಮಾತ್ರಕ್ಕೆ ಮೂರನೆಯದು ಬದಲಾಗಲ್ಲ.

ರೀಲೋಡ್ ಮತ್ತು ರೀಸ್ಟಾರ್ಟ್

ಸರ್ವರ್ ನಿಲ್ಲಿಸದೆ ಫೈಲನ್ನು ಮತ್ತೆ ಓದಿಸುವುದೇ ರೀಲೋಡ್. ಎಂಜಿನ್‌ಎಕ್ಸ್ ವೆಬ್ ಸರ್ವರ್ ಮೊದಲು ಹೊಸ ಫೈಲನ್ನು ಪರೀಕ್ಷಿಸುತ್ತೆ. ತಪ್ಪಿದ್ದರೆ ಹಳೆಯ ಸೆಟ್ಟಿಂಗ್‌ನಲ್ಲೇ ಮುಂದುವರಿಯುತ್ತೆ. ಸರಿಯಿದ್ದರೆ ಹೊಸ ಪ್ರಕ್ರಿಯೆಗಳು ಶುರುವಾಗುತ್ತವೆ. ಹಳೆಯವು ಕೈಯಲ್ಲಿರುವ ಕೆಲಸ ಮುಗಿಸಿಯೇ ಹೊರಡುತ್ತವೆ. ಸರದಿಯಲ್ಲಿ ನಿಂತವರಿಗೆ ಗೊತ್ತೇ ಆಗಲ್ಲ.

ಎಲ್ಲ ಸೆಟ್ಟಿಂಗ್‌ಗಳಿಗೂ ಇದು ಸಾಲದು. ಪೋಸ್ಟ್‌ಗ್ರೆಸ್‌ನಲ್ಲಿ ಸಂಪರ್ಕಗಳ ಮಿತಿ ಬದಲಿಸಲು ರೀಸ್ಟಾರ್ಟ್ ಬೇಕೇ ಬೇಕು. ಫೈಲಿನಲ್ಲಿ ತಪ್ಪಿದ್ದರೆ ರೀಸ್ಟಾರ್ಟ್ ಆದಾಗ ಸರ್ವರ್ ಮೇಲೇಳುವುದೇ ಇಲ್ಲ. ಇನ್ನೊಂದು ವಿಷಯ ಗಮನಿಸಿ: ರೀಲೋಡ್ ಸಾಕಾಗುವ ಸೆಟ್ಟಿಂಗ್‌ನ ಸಾಲನ್ನು ಫೈಲಿನಿಂದ ಅಳಿಸಿದರೆ ಹಳೆಯ ಮೌಲ್ಯ ಉಳಿಯಲ್ಲ, ಡೀಫಾಲ್ಟ್ ಮರಳಿ ಬರುತ್ತೆ.

ಡೀಫಾಲ್ಟ್ ಯಾರ ಪರ?

2017ರ ಜನವರಿಯಲ್ಲಿ, ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ದಾಳಿಕೋರರು ಅಳಿಸಿ ಹಣ ಕೇಳಿದರು. ಅದೇ ವರ್ಷ ಬಂದ 3.6 ಆವೃತ್ತಿ, ಡೀಫಾಲ್ಟ್ ಆಗಿ ತನ್ನದೇ ಯಂತ್ರದಿಂದ ಬರುವ ಸಂಪರ್ಕಗಳನ್ನಷ್ಟೇ ಒಪ್ಪುವಂತಾಯಿತು. ಡೀಫಾಲ್ಟನ್ನು ಯಾರೋ ಕೂತು ತೀರ್ಮಾನಿಸಿರುತ್ತಾರೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ.

ಕೇಳಬೇಕಾದ ಪ್ರಶ್ನೆ

ನಿಗದಿತ ಅವಧಿಯಲ್ಲಿ ಸೇವೆ ಪಡೆಯುವುದು 2011ರ ಸಕಾಲ ಕಾಯ್ದೆ ಕೊಟ್ಟ ಹಕ್ಕು. ಕಾರಣ ಕೇಳೋಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ‘ಸರ್ವರ್ ಯಾಕೆ ಕೆಟ್ಟಿತು’ ಅಂತ ಕೇಳಿದರೆ ‘ತಾಂತ್ರಿಕ ಕಾರಣ’ ಅನ್ನೋ ಉತ್ತರ ಬರುತ್ತೆ. ಅದರ ಬದಲು, ಕಳೆದ 6 ತಿಂಗಳಲ್ಲಿ ಸೇವೆ ನಿಂತ ದಿನ, ಗಂಟೆಗಳ ದಾಖಲೆ ಕೊಡಿ ಅನ್ನಿ. ಯಾವುದು ಪೂರ್ವನಿಗದಿತ, ಯಾವುದು ದಿಢೀರ್ ಅಂತ ಕೇಳಿ. ಪೂರ್ವನಿಗದಿತ ರೀಸ್ಟಾರ್ಟ್‌ಗಳು ಕಚೇರಿ ವೇಳೆಯಲ್ಲೇ ನಡೆದಿದ್ದರೆ, ಅಲ್ಲಿ ಕೆಟ್ಟಿರುವುದು ಸರ್ವರ್ ಅಲ್ಲ, ಆಡಳಿತ.