ದೈವಶಾಸ್ತ್ರ ಮತ್ತು ಸಮಾಜಶಾಸ್ತ್ರ

ದೇವರು, ಪಾಪ, ಮೋಕ್ಷ ಮೊದಲಾದವನ್ನು ನಂಬಿಕೆಯ ಒಳಗೆ ನಿಂತು ವಿವೇಚಿಸುವುದು ದೈವಶಾಸ್ತ್ರ. ಆ ನಂಬಿಕೆಯಿಂದ ಜನಜೀವನದಲ್ಲಿ ಏನೇನಾಗುತ್ತದೆ ಎಂದು ಹೊರಗಿನಿಂದ ನೋಡುವುದು ಸಮಾಜಶಾಸ್ತ್ರ. ಇವೆರಡರ ನಂಟು ಹೆಚ್ಚಾಗಿ ಚರ್ಚೆಯಾಗಿರುವುದು ಕ್ರೈಸ್ತ ಪರಂಪರೆಯಲ್ಲಿ. ಸಮಾಜಶಾಸ್ತ್ರಕ್ಕೆ ಹೆಸರಿಟ್ಟ ಫ್ರಾನ್ಸಿನ ಆಗಸ್ಟ್ ಕಾಂಟ್ ದೈವಶಾಸ್ತ್ರೀಯ ಚಿಂತನೆಯನ್ನು ಮನುಕುಲದ ಮೊದಲ ಹಂತವೆಂದು ಹಿಂದಕ್ಕೆ ತಳ್ಳಿದ. ಕೊನೆಗೆ ತಾನೇ ‘ಮಾನವತೆಯ ಧರ್ಮ’ವೊಂದನ್ನು ಸಾರಿ, ಅದಕ್ಕೆ ಪಂಚಾಂಗವನ್ನೂ ಪುರೋಹಿತರನ್ನೂ ಗೊತ್ತುಮಾಡಿದ.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಂತೂ ಈ ಎರಡೂ ಶಾಸ್ತ್ರಗಳು ಒಂದೇ ಸೂರಿನಡಿ ಇದ್ದವು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ (1864–1920) ಮತ್ತು ದೈವಶಾಸ್ತ್ರದ ಪ್ರಾಧ್ಯಾಪಕ ಅರ್ನ್ಸ್ಟ್ ಟ್ರೋಲ್ಚ್ (1865–1923) 1904ರಲ್ಲಿ ಜೊತೆಯಾಗಿ ಅಮೆರಿಕಕ್ಕೆ ಹೋದವರು. 1910ರಿಂದ ಕೆಲವು ವರ್ಷ ನೆಕ್ಕರ್ ನದಿಯ ದಡದ ಒಂದೇ ಮನೆಯಲ್ಲಿದ್ದರು. ಪ್ರಾಟೆಸ್ಟಂಟ್ ನೀತಿಯನ್ನು ಕುರಿತ ಪ್ರಬಂಧದಲ್ಲಿ (1904–05) ವೆಬರ್ ಎತ್ತಿಕೊಂಡದ್ದು ಕ್ಯಾಲ್ವಿನ್ ಪಂಥದ ಒಂದು ಸಿದ್ಧಾಂತವನ್ನು: ಯಾರಿಗೆ ಮೋಕ್ಷ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ, ಅದನ್ನು ಬದಲಿಸುವುದು ಮನುಷ್ಯನ ಕೈಯಲ್ಲಿಲ್ಲ. ಅದು ನಿಜವೋ ಸುಳ್ಳೋ ಎಂಬ ಗೊಡವೆಗೆ ವೆಬರ್ ಹೋಗಲಿಲ್ಲ. ಇದನ್ನು ನಂಬಿದವನನ್ನು ಯಾವ ಅಳುಕು ಕಾಡುತ್ತದೆ, ಅದನ್ನು ಕಳೆಯಲು ಪಾದ್ರಿ ಏನು ಬುದ್ಧಿ ಹೇಳುತ್ತಾನೆ ಎಂದು ಕೇಳಿದ. ಉತ್ತರ ಸಿಕ್ಕಿದ್ದು 17ನೇ ಶತಮಾನದ ಇಂಗ್ಲೆಂಡಿನ ರಿಚರ್ಡ್ ಬ್ಯಾಕ್ಸ್ಟರ್‌ನಂಥ ಪಾದ್ರಿಗಳ ಉಪದೇಶಗಳಲ್ಲಿ. ಹೊತ್ತು ಕಳೆಯದೆ ಕಸುಬಿನಲ್ಲಿ ದುಡಿಯಬೇಕು, ಗಳಿಸಿದ್ದನ್ನು ಭೋಗಕ್ಕೆ ಸುರಿಯಬಾರದು ಎಂಬುದು ಅವುಗಳ ಸಾರ. ಹೀಗೆ ದುಡಿದು ಉಳಿಸುವವನ ಮನೋಭಾವ ಬಂಡವಾಳಶಾಹಿಗೆ ಒದಗಿಬಂತೆಂದಷ್ಟೇ ವೆಬರ್‌ನ ವಾದ. ಬಂಡವಾಳಶಾಹಿಯನ್ನು ಪ್ರಾಟೆಸ್ಟಂಟ್ ಪಂಥವೇ ಹೆತ್ತಿತೆಂದು ಅವನ ಬಾಯಲ್ಲಿ ಹೇಳಿಸುವವರು ಇಂದಿಗೂ ಇದ್ದಾರೆ. ಟ್ರೋಲ್ಚ್ 1912ರ ತನ್ನ ಬೃಹದ್ಗ್ರಂಥದಲ್ಲಿ ಕ್ರೈಸ್ತ ಸಮುದಾಯಗಳನ್ನು ಚರ್ಚು, ಪಂಥ, ಅನುಭಾವ ಎಂದು ಮೂರಾಗಿ ವಿಂಗಡಿಸಿದ. ವೆಬರ್‌ನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ‘ಕರಿಸ್ಮಾ’ (ನಾಯಕನ ಅಸಾಧಾರಣ ಸೆಳೆತ) ಪರಿಕಲ್ಪನೆ ಕೂಡ ಚರ್ಚಿನ ಇತಿಹಾಸ ಬರೆದ ರುಡಾಲ್ಫ್ ಸೋಮ್‌ನಿಂದ ಎರವಲು ತಂದದ್ದೇ.

ಲ್ಯಾಟಿನ್ ಅಮೆರಿಕದಲ್ಲಿ ಈ ಎರವಲು ತಿರುಗುಮುರುಗಾಯಿತು: ದೈವಶಾಸ್ತ್ರವೇ ಸಮಾಜದ ವಿಶ್ಲೇಷಣೆಯನ್ನು ಎರವಲು ತಂದಿತು. ಅಲ್ಲಿನ ಬಡತನ ಹಿಂದುಳಿದಿರುವಿಕೆಯಲ್ಲ, ಸಿರಿವಂತ ದೇಶಗಳ ಏಳಿಗೆಯ ಇನ್ನೊಂದು ಮುಖ ಎಂಬ ಅವಲಂಬನ ಸಿದ್ಧಾಂತವನ್ನು ಬಳಸಿಕೊಂಡು ಪೆರುವಿನ ಪಾದ್ರಿ ಗುಸ್ತಾವೊ ಗುಟಿಯೆರೆಜ್ 1971ರಲ್ಲಿ ವಿಮೋಚನಾ ದೈವಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದರು. ಪಾಪವಿರುವುದು ವ್ಯಕ್ತಿಯ ಮನಸ್ಸಿನಲ್ಲಿ ಮಾತ್ರವಲ್ಲ, ಅನ್ಯಾಯದ ವ್ಯವಸ್ಥೆಯಲ್ಲೂ ಇದೆ ಎಂದರು. ಈ ದೈವಶಾಸ್ತ್ರದ ಕೆಲವರು ಬಳಸಿದ ಮಾರ್ಕ್ಸ್‌ವಾದದ ವಿಶ್ಲೇಷಣೆಯನ್ನು ಅದರ ತತ್ತ್ವದಿಂದ ಬಿಡಿಸಿ ತರಲಾಗದು ಎಂದು 1984ರಲ್ಲಿ ವ್ಯಾಟಿಕನ್ ಎಚ್ಚರಿಸಿತು. ಆ ಸೂಚನಾಪತ್ರಕ್ಕೆ ಸಹಿ ಹಾಕಿದ ಕಾರ್ಡಿನಲ್ ರಾಟ್ಸಿಂಗರ್ ಮುಂದೆ ಪೋಪ್ ಆದರು. ಇಂಗ್ಲೆಂಡಿನ ದೈವಶಾಸ್ತ್ರಜ್ಞ ಜಾನ್ ಮಿಲ್‌ಬ್ಯಾಂಕ್ 1990ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮಾಜಶಾಸ್ತ್ರ ನಿಷ್ಪಕ್ಷಪಾತವಲ್ಲ, ಅದೇ ವೇಷ ಮರೆಸಿಕೊಂಡ ಒಂದು ದೈವಶಾಸ್ತ್ರ ಎಂದರು. ಈ ಮಾತಿನಲ್ಲಿ ಅತಿರೇಕವಿದೆ; ಆದರೆ ಕಾಂಟ್‌ನ ಪುರೋಹಿತರನ್ನು ನೆನೆದರೆ ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಭಾರತದಲ್ಲಿ ಈ ಚರ್ಚೆಯ ಮುಖ್ಯ ನೆಲೆ ಬೆಂಗಳೂರು. ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ 1957ರಲ್ಲಿ ಇಲ್ಲಿ ಸ್ಥಾಪನೆಯಾದ ಕ್ರೈಸ್ತ ಸಂಸ್ಥೆಯನ್ನು ಪಿ.ಡಿ. ದೇವನಂದನ್, ಅವರ ನಂತರ ಎಂ.ಎಂ. ಥಾಮಸ್ ಮುನ್ನಡೆಸಿದರು. 1980ರ ದಶಕದ ಆರಂಭದಲ್ಲಿ ಅರವಿಂದ ಪಿ. ನಿರ್ಮಲ್ ಇದೇ ಊರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮುಜುಗರದ ಪ್ರಶ್ನೆಯೊಂದನ್ನು ಎತ್ತಿದರು. ಬ್ರಹ್ಮಬಾಂಧವ ಉಪಾಧ್ಯಾಯರಂಥ ಕ್ರೈಸ್ತ ಚಿಂತಕರು ತ್ರಿಯೇಕ ದೇವರನ್ನು ವೇದಾಂತದ ಸಚ್ಚಿದಾನಂದವೆಂದು ವ್ಯಾಖ್ಯಾನಿಸಿದ್ದರು. ಆದರೆ ಚರ್ಚಿನ ಬೆಂಚುಗಳಲ್ಲಿ ಕೂತವರಲ್ಲಿ ಬಹುಪಾಲು ದಲಿತರು. ವೇದಾಂತದ ಜೊತೆ ನಡೆದ ಈ ಸಂವಾದದಲ್ಲಿ ಅವರ ಪಾಲೇನು? ವರ್ಗವೊಂದನ್ನೇ ಹಿಡಿದು ಹೊರಟ ವಿಮೋಚನಾ ದೈವಶಾಸ್ತ್ರಕ್ಕೆ ಜಾತಿ ಕಾಣಲಿಲ್ಲವೆಂಬ ತಕರಾರೂ ನಿರ್ಮಲ್ ಅವರದಾಗಿತ್ತು. ದಲಿತ ದೈವಶಾಸ್ತ್ರವನ್ನು ದಲಿತರೇ, ತಾವು ಉಂಡ ನೋವಿನಿಂದಲೇ ಕಟ್ಟಬೇಕೆಂದು ಅವರು ಪಟ್ಟುಹಿಡಿದರು.