ಹೃದಯದ ಪ್ರಾಥಮಿಕ ಗಂತಿಗಳು: ರೋಗನಿದಾನ ಮತ್ತು ಚಿಕಿತ್ಸೆ

ಅನ್ಯಾಂಗಗಳಿಂದ ಹರಡಿ ಬಂದವಲ್ಲದೆ ಹೃದಯದಲ್ಲಿಯೇ ಹುಟ್ಟಿ ಬೆಳೆಯುವ ಗೆಡ್ಡೆಗಳಿಗೆ ಪ್ರಾಥಮಿಕ ಗಂತಿಗಳೆಂದು ಹೆಸರು. ಶವಪರೀಕ್ಷೆಯ ಲೆಕ್ಕದಂತೆ ಹತ್ತು ಸಾವಿರದಲ್ಲಿ ಸುಮಾರು ಎರಡು ಹೃದಯಗಳಲ್ಲಿ ಮಾತ್ರ ಇವು ದೊರೆಯುತ್ತವೆ. ಬೇರೆಡೆಯ ಕ್ಯಾನ್ಸರ್ ಹೃದಯಕ್ಕೆ ವ್ಯಾಪಿಸುವುದು ಇದಕ್ಕಿಂತ ಇಪ್ಪತ್ತು ಮಡಿಗೂ ಅಧಿಕ. ಪ್ರಾಥಮಿಕ ಗಂತಿಗಳಲ್ಲಿ ಮುಕ್ಕಾಲು ಪಾಲು ಸೌಮ್ಯ ಜಾತಿಯವು. ಆದರೆ ರಕ್ತದ ಹಾದಿಗೆ ಅಡ್ಡ ನಿಂತ ಗೆಡ್ಡೆ ಎಷ್ಟೇ ಸೌಮ್ಯವಾಗಿದ್ದರೂ ಪ್ರಾಣಾಪಹಾರಿಯಾಗಬಲ್ಲುದಾದ್ದರಿಂದ, ಆ ಹೆಸರನ್ನು ನಂಬಿ ಕೂರುವಂತಿಲ್ಲ.

ವಯಸ್ಕರಲ್ಲಿ ಪ್ರಧಾನವಾದುದು ಮಿಕ್ಸೋಮ. ಎಳೆಯ ತಾಟಿನಿಂಗಿನ ತಿರುಳಿನಂತೆ ಲೋಳೆಲೋಳೆಯಾಗಿ, ಮುಟ್ಟಿದರೆ ಉದುರುವಂತಿರುವ ಈ ಗೆಡ್ಡೆ ಬಹುಮಟ್ಟಿಗೆ ಎಡ ಹೃತ್ಕರ್ಣದಲ್ಲಿ, ಎರಡು ಕರ್ಣಗಳ ನಡುವಣ ಗೋಡೆಗೆ ತೊಟ್ಟಿನಿಂದ ಅಂಟಿಕೊಂಡು ತೂಗಾಡುತ್ತದೆ. ಪ್ರತಿ ಬಡಿತದಲ್ಲಿಯೂ ಮೈಟ್ರಲ್ ಕವಾಟದೊಳಕ್ಕೆ ಇಳಿದು ಮತ್ತೆ ಹಿಂದಕ್ಕೆ ಸರಿಯುತ್ತದೆ. ಏದುಸಿರು, ತಲೆಸುತ್ತು, ಮೂರ್ಛೆಗಳು ಇದರ ಫಲ. ಚೂರು ಕಳಚಿ ಮಿದುಳಿನ ರಕ್ತನಾಳವನ್ನು ಕಟ್ಟಿದರೆ ಪಾರ್ಶ್ವವಾಯು ಬಡಿಯುತ್ತದೆ. ಸಣ್ಣ ಜ್ವರ ಮತ್ತು ದೇಹ ಕೃಶವಾಗುವಿಕೆಗಳೂ ಉಂಟು.

ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ನಮ್ಮ ದೇಶದಲ್ಲಿ ಹೇರಳ. ಅವರ ಎದೆಯಲ್ಲಿ ಕೇಳುವ ಮರ್ಮರವೇ ಮಿಕ್ಸೋಮದಲ್ಲಿಯೂ ಕೇಳುವುದರಿಂದ ವೈದ್ಯನು ಮೋಸಹೋಗುವುದು ಸುಲಭ. ಭೇದವನ್ನು ಸೂಚಿಸುವುದು ಅನೇಕ ವೇಳೆ ರೋಗಿಯ ಮಾತು. ಜತ್ತ, ಅಕ್ಕಲಕೋಟೆಗಳ ಕಡೆಯ ಕನ್ನಡಿಗರು ಚಿಕಿತ್ಸೆಗೆಂದು ಪುಣೆಗೆ ಬರುವುದುಂಟು. ಅಂಥ ರೋಗಿಯೊಬ್ಬನು "ಎದ್ದು ಕುಂತ್ರ ದಮ್ಮ ಹತ್ತತೈತಿ, ಮಗ್ಗಲಾದ್ರ ಕಡಿಮಿ ಅಕ್ಕೈತಿ" ಎಂದರೆ, ಸಾಮಾನ್ಯ ಹೃದ್ರೋಗದಲ್ಲಿ ಮಲಗಿದಾಗಲೇ ಉಬ್ಬಸ ಹೆಚ್ಚುವುದೆಂಬುದನ್ನು ಬಲ್ಲ ವೈದ್ಯನು ಆ ಮಾತಿನಲ್ಲಿಯೇ ಗೆಡ್ಡೆಯ ಸುಳಿವನ್ನು ಹಿಡಿಯಬಲ್ಲನು. ರೋಗಿಯ ಭಾಷೆಯನ್ನರಿತು ಕೇಳುವುದು ಇಲ್ಲಿ ಸೌಜನ್ಯವಷ್ಟೇ ಅಲ್ಲ, ನಿದಾನದ ಅಂಗವೇ ಆಗಿದೆ.

ಇಟಲಿಯ ಅಂಗರಚನಾಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ 1559ರಷ್ಟು ಹಿಂದೆಯೇ ಹೃದಯದ ಗೆಡ್ಡೆಯನ್ನು ವರ್ಣಿಸಿದ್ದರೂ, ಎಡ ಕರ್ಣದ ಮಿಕ್ಸೋಮವನ್ನು ಬದುಕಿರುವ ರೋಗಿಯಲ್ಲಿ ಬಣ್ಣದ್ರವದ ಕ್ಷಕಿರಣ ಚಿತ್ರದಿಂದ ಗುರುತಿಸಲು ಸಾಧ್ಯವಾದುದು 1952ರಲ್ಲಿ. ಇಂದು ಆ ಕೆಲಸವನ್ನು ಜನ "ಎಕೋ" ಎನ್ನುವ ಶ್ರವಣಾತೀತ ಪರೀಕ್ಷೆ ನೋವಿಲ್ಲದೆ ನಿಮಿಷಗಳಲ್ಲಿ ಮಾಡುತ್ತದೆ. ಹೆಪ್ಪುಗಟ್ಟಿದ ರಕ್ತವೋ ಗೆಡ್ಡೆಯೋ ಎಂಬ ಸಂದೇಹ ಉಳಿದಲ್ಲಿ ಎಂಆರ್‌ಐ ನೆರವಾಗುತ್ತದೆ. ಎಡ ಕರ್ಣದ ಮಿಕ್ಸೋಮಕ್ಕೆ ಸೂಜಿ ಚುಚ್ಚಿ ಮಾದರಿ ತೆಗೆಯುವುದು ಸಲ್ಲದು. ಚೂರು ಉದುರಿ ಮಿದುಳಿಗೆ ಹೋದೀತು.

ಮಿಕ್ಸೋಮಕ್ಕೆ ಚಿಕಿತ್ಸೆ ಶಸ್ತ್ರಕ್ರಿಯೆಯೊಂದೇ, ಅದೂ ವಿಳಂಬವಿಲ್ಲದೆ. 1954ರಲ್ಲಿ ಸ್ಟಾಕ್‌ಹೋಮಿನ ಕ್ಲಾರೆನ್ಸ್ ಕ್ರಾಫೋರ್ಡ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಮಿಕ್ಸೋಮವನ್ನು ತೆಗೆದು ದಾರಿ ತೋರಿದರು. ಎದೆಯ ಮೂಳೆಯನ್ನು ಸೀಳಿ, ಹೃದಯವನ್ನು ನಿಲ್ಲಿಸಿ, ಗೆಡ್ಡೆಯನ್ನು ಹಿಸುಕದೆ ತೊಟ್ಟಿನ ಬುಡದ ಗೋಡೆಯ ಅಂಚಿನೊಡನೆ ಎತ್ತಿ, ಉಂಟಾದ ರಂಧ್ರಕ್ಕೆ ಹಲವು ವೇಳೆ ರೋಗಿಯದೇ ಹೃದಯಾವರಣದ ತುಣುಕನ್ನು ಹೊಲಿಯುತ್ತಾರೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರ‍್ಯಾಬ್ಡೊಮಯೋಮ ವಯಸ್ಸು ಏರಿದಂತೆ ತಾನಾಗಿಯೇ ಕುಗ್ಗುವುದುಂಟು. ಅಡಚಣೆಯಿಲ್ಲದಿದ್ದರೆ ಕಾದು ನೋಡುವುದೇ ಲೇಸು. ಬಹುಮಟ್ಟಿಗೆ ಬಲ ಕರ್ಣದಲ್ಲಿ ಹುಟ್ಟುವ ಆಂಜಿಯೊಸಾರ್ಕೋಮ ಮಾರಕ ಜಾತಿಯದು. ಶಸ್ತ್ರಕ್ರಿಯೆಯ ಜೊತೆಗೆ ಕಿಮೋಥೆರಪಿ ಕೊಟ್ಟರೂ ಬಹು ಜನರ ಆಯುಷ್ಯ ತಿಂಗಳುಗಳಲ್ಲಿಯೇ ಮುಗಿಯುತ್ತದೆ.

ಮಿಕ್ಸೋಮವನ್ನು ಪೂರ್ಣವಾಗಿ ತೆಗೆದವರಲ್ಲಿ ಅದು ಮರಳುವುದು ವಿರಳ. ವಂಶಪರಂಪರೆಯಿಂದ ಬಂದಲ್ಲಿ ಮರಳುವ ಸಂಭವ ಹೆಚ್ಚು. 1985ರಲ್ಲಿ ಕಾರ್ನಿ ಎಂಬ ವೈದ್ಯರು ವರ್ಣಿಸಿದ, ಚರ್ಮದ ಮಚ್ಚೆಗಳೊಡನೆ ಬರುವ ರೋಗಸಮೂಹವು ಈ ಬಗೆಯದು. ಅಂಥ ಮನೆತನದ ಒಡಹುಟ್ಟಿದವರೂ ಮಕ್ಕಳೂ ತೊಂದರೆ ಕಾಣಿಸುವ ತನಕ ಕಾಯದೆ ಎಕೋ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.