ಬ್ಲೇಡ್ ಹಿಡಿದರೆ ಮಾತ್ರ ಗಾಲ್ಫ್ ಬರುತ್ತದೆಯೇ? ಹೊಸಬರ ಐರನ್ ಆಯ್ಕೆಯ ಹಿಂದಿನ ವಿಜ್ಞಾನ

ಗಾಲ್ಫ್ ಕಲಿಯುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಸದಾ ಓಡಾಡುತ್ತಿರುತ್ತದೆ. ಒಂದು: ಟೈಗರ್ ವುಡ್ಸ್ ಆಡುವುದು ಬ್ಲೇಡ್ ಐರನ್‌ನಲ್ಲಿ, ಕಲಿಯುವಾಗಲೇ ಕಷ್ಟದ ಕ್ಲಬ್ ಹಿಡಿದರೆ ಕೈ ಬೇಗ ಪಳಗುತ್ತದೆ. ಇನ್ನೊಂದು ಇದಕ್ಕೆ ತದ್ವಿರುದ್ಧ: ಹೊಸ ಮಾದರಿಯ ಐರನ್ ಕೊಂಡರೆ ಸಾಕು, ಚೆಂಡು ತಾನಾಗಿಯೇ ನೇರ ಹೋಗುತ್ತದೆ, 15 ಗಜ ಹೆಚ್ಚು ದೂರವೂ ಹೋಗುತ್ತದೆ.

ಎರಡರಲ್ಲೂ ಅರ್ಧ ಸತ್ಯವಿದೆ. ಹೆಸರಾಂತ ಕಂಪನಿಯ ಹೊಸ ಸೆಟ್ ಒಂದಕ್ಕೆ ಲಕ್ಷ ರೂಪಾಯಿಯವರೆಗೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಬೆಲೆ ಇರುವುದರಿಂದ ಈ ಅರ್ಧ ಸತ್ಯ ದುಬಾರಿಯಾಗುತ್ತದೆ. ಹಾಗಾಗಿ ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂದು ನೋಡೋಣ.

ಬ್ಲೇಡ್ ಎಂದರೇನು, ಕ್ಯಾವಿಟಿ ಬ್ಯಾಕ್ ಎಂದರೇನು?

ನಿಯಮದ ಪ್ರಕಾರ ಒಬ್ಬ ಆಟಗಾರ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್ ಇಟ್ಟುಕೊಳ್ಳಬಹುದು. ಅವುಗಳಲ್ಲಿ ಆರೇಳು ಐರನ್‌ಗಳಿರುವುದು ಸಾಮಾನ್ಯ. ಲೋಹದ ಚಪ್ಪಟೆ ತಲೆ, ಮೇಲೊಂದು ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಮುಖ ಹಿಂದಕ್ಕೆ ಹೆಚ್ಚು ವಾಲಿರುತ್ತದೆ, ಚೆಂಡು ಹೆಚ್ಚು ಎತ್ತರಕ್ಕೆ ಏರಿ ಕಡಿಮೆ ದೂರದಲ್ಲಿ ಬೀಳುತ್ತದೆ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ 1876ರ ಕಾಲದಲ್ಲಿ ಕ್ಲಬ್‌ನ ಕೋಲು ಹಿಕರಿ ಮರದ್ದು. ಐರನ್‌ನ ತಲೆಯನ್ನು ಸ್ಕಾಟ್ಲೆಂಡಿನ ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ, ಬಡಿದು ಮಾಡುತ್ತಿದ್ದರು. ಬಡಿದು ಮಾಡುವಾಗ ಸುಲಭವಾಗಿ ಬರುವ ಆಕಾರವೆಂದರೆ ತೆಳ್ಳಗಿನ, ಗಟ್ಟಿಯಾದ ಲೋಹದ ಪಟ್ಟಿ. ಅದೇ ಇಂದಿನ ಬ್ಲೇಡ್‌ನ ಮೂಲ. ಅಂದರೆ 'ಸಾಂಪ್ರದಾಯಿಕ' ಐರನ್‌ನ ಆಕಾರ ಹುಟ್ಟಿದ್ದು ಆಟಗಾರನ ಅನುಕೂಲಕ್ಕಲ್ಲ, ಕಮ್ಮಾರನ ಅನುಕೂಲಕ್ಕೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಕ್ಯಾವಿಟಿ ಬ್ಯಾಕ್ ಎಂದರೆ ತಲೆಯ ಬೆನ್ನಿನ ಭಾಗವನ್ನು ತಟ್ಟೆಯಂತೆ ತಗ್ಗು ಮಾಡಿ, ಹಾಗೆ ಉಳಿದ ಲೋಹವನ್ನು ಅಂಚುಗಳಿಗೆ ಹಂಚಿದ ಐರನ್. ಇಂಗ್ಲಿಷ್‌ನಲ್ಲಿ ಇವನ್ನು 'ಫರ್ಗಿವಿಂಗ್' ಎನ್ನುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್‌ಗಳು.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಹೇಗೆ?

7 ನಂಬರ್ ಐರನ್‌ನ ತಲೆ ಸುಮಾರು 270 ಗ್ರಾಂ ತೂಗುತ್ತದೆ. ಚೆಂಡು ಹೆಚ್ಚೆಂದರೆ 45.93 ಗ್ರಾಂ. ಚೆಂಡು ತಲೆಯ ಗುರುತ್ವ ಕೇಂದ್ರದ ನೇರಕ್ಕೆ ಬಡಿದರೆ ತಲೆ ತಿರುಚುವುದಿಲ್ಲ, ಚೆಂಡಿಗೆ ಹೆಚ್ಚು ಶಕ್ತಿ ಸೇರುತ್ತದೆ. ಒಂದೆರಡು ಸೆಂಟಿಮೀಟರ್ ಆಚೀಚೆ ಬಡಿದರೆ ಬಾಗಿಲಿನ ಅಂಚನ್ನು ತಳ್ಳಿದ ಹಾಗೆ ತಲೆ ತಿರುಗುತ್ತದೆ. ತಿರುಗಲು ಖರ್ಚಾದ ಶಕ್ತಿ ಚೆಂಡಿಗೆ ಸಿಗುವುದಿಲ್ಲ, ಚೆಂಡು ಗುರಿಗಿಂತ ಮೊದಲೇ ಬೀಳುತ್ತದೆ. ಮುಖವೂ ಬೇರೆ ದಿಕ್ಕಿಗೆ ಹೊರಳುವುದರಿಂದ ದಾರಿ ತಪ್ಪುತ್ತದೆ. ಬಲಗೈ ಆಟಗಾರ ತಲೆಯ ತುದಿಯಲ್ಲಿ ಹೊಡೆದರೆ ಮುಖ ತೆರೆದುಕೊಂಡು ಚೆಂಡು ಬಲಕ್ಕೆ ಹೊರಡುತ್ತದೆ.

ಈ ತಿರುಚುವಿಕೆಯನ್ನು ತಡೆಯುವ ಗುಣಕ್ಕೆ ಭೌತಶಾಸ್ತ್ರದಲ್ಲಿ ಜಡತ್ವದ ಮಹತ್ವ ಎಂದು ಹೆಸರು. ಲೆಕ್ಕ ಸರಳ: ತೂಕವನ್ನು, ಅದು ಕೇಂದ್ರದಿಂದ ಇರುವ ದೂರದ ವರ್ಗದಿಂದ ಗುಣಿಸಬೇಕು. 20 ಗ್ರಾಂ ಲೋಹ ಕೇಂದ್ರದಿಂದ 1 ಸೆಂ.ಮೀ. ದೂರದಲ್ಲಿದ್ದರೆ ಅದರ ಪಾಲು 20. ಅದೇ 20 ಗ್ರಾಂ ಅನ್ನು 3 ಸೆಂ.ಮೀ. ದೂರಕ್ಕೆ ಸರಿಸಿದರೆ 180. ಒಂದು ಗ್ರಾಂ ಕೂಡ ಹೆಚ್ಚಿಸದೆ ಒಂಬತ್ತು ಪಟ್ಟು! ಹಗ್ಗದ ಮೇಲೆ ನಡೆಯುವವರು ಉದ್ದನೆಯ ಗಳ ಹಿಡಿಯುವುದೂ ಇದೇ ಕಾರಣಕ್ಕೆ.

ಇದನ್ನು ಗಾಲ್ಫ್‌ಗೆ ಒಗ್ಗಿಸಿದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆಗಿದ್ದ ಅವರು ಗಾಲ್ಫ್ ಕ್ಲಬ್ ಹಿಡಿದದ್ದೇ 40 ದಾಟಿದ ಮೇಲೆ. 1959ರಲ್ಲಿ ತಮ್ಮ ಗ್ಯಾರೇಜಿನಲ್ಲಿ, ತೂಕವನ್ನು ಎರಡೂ ತುದಿಗೆ ಸರಿಸಿದ ಪಟರ್ ಒಂದನ್ನು ಮಾಡಿದರು. ಚೆಂಡಿಗೆ ತಾಗಿದಾಗ ಬರುತ್ತಿದ್ದ 'ಪಿಂಗ್' ಎಂಬ ಸದ್ದೇ ಕಂಪನಿಯ ಹೆಸರಾಯಿತು. ಅದೇ ಉಪಾಯವನ್ನು ಅವರು ಐರನ್‌ಗಳಿಗೂ ತಂದರು. 1982ರ ಪಿಂಗ್ ಐ2 ಮಾದರಿ ಹವ್ಯಾಸಿಗಳ ಚೀಲದಲ್ಲಿ ಮನೆಮಾತಾಯಿತು. ಇಂಥ ಗುಂಡಿ, ಅಂಚುಗಳಿರುವ ಆಕಾರವನ್ನು ಬಡಿದು ಮಾಡುವುದು ಕಷ್ಟ. ಮೇಣದ ಅಚ್ಚು ಮಾಡಿ, ಮೇಣ ಕರಗಿಸಿ, ಆ ಟೊಳ್ಳಿಗೆ ಎರಕ ಹೊಯ್ಯುವ ವಿಧಾನ ಇದಕ್ಕೆ ಒದಗಿತು. ನಮ್ಮ ದೇವಸ್ಥಾನಗಳ ಪಂಚಲೋಹದ ಉತ್ಸವಮೂರ್ತಿಗಳನ್ನು ಶಿಲ್ಪಿಗಳು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೂ ಮೇಣದ ಅಚ್ಚಿನಿಂದಲೇ.

ಕ್ಯಾವಿಟಿ ಬ್ಯಾಕ್ ಹಿಡಿದರೆ ಮೋಸ ಮಾಡಿದಂತೆ ಎನ್ನುವವರೂ ಇದ್ದಾರೆ. ನಿಯಮದಲ್ಲಿ ಹಾಗೇನೂ ಇಲ್ಲ. ಪಿಂಗ್ ಐ2 ವಿಷಯದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಯೊಂದಿಗೆ ದೊಡ್ಡ ವ್ಯಾಜ್ಯ ನಡೆದು 1990ರಲ್ಲಿ ರಾಜಿಯಾದದ್ದು ನಿಜ. ಆದರೆ ಜಗಳವಿದ್ದದ್ದು ಮುಖದ ಮೇಲಿನ ಗೀರುಗಳ ಬಗ್ಗೆ, ಬೆನ್ನಿನ ಗುಂಡಿಯ ಬಗ್ಗೆ ಅಲ್ಲ.

ಬ್ಲೇಡ್‌ನಲ್ಲಿ ಕಲಿತರೆ ಕೈ ಬೇಗ ಪಳಗುತ್ತದೆಯೇ?

ಇದು ಹೆಚ್ಚು ಜನ ನಂಬುವ ಮಾತು, ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

ವಾದ ಹೀಗಿದೆ: ಬ್ಲೇಡ್‌ನಲ್ಲಿ ತಪ್ಪಾಗಿ ಹೊಡೆದರೆ ಕೈ ಜುಮ್ಮೆನ್ನುತ್ತದೆ, ಆ ಶಿಕ್ಷೆಯಿಂದ ಹೊಡೆತ ತಿದ್ದಿಕೊಳ್ಳುತ್ತದೆ. ಚೆಂಡು ಮತ್ತು ಕ್ಲಬ್ ಒಂದಕ್ಕೊಂದು ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಅಂಗೈಯ ಸಂವೇದನೆ ಮಿದುಳು ಮುಟ್ಟಲು ಅದಕ್ಕಿಂತ ಹತ್ತಾರು ಪಟ್ಟು ಸಮಯ ಬೇಕು. ನಿಮ್ಮ ಕೈಗೆ 'ಅಯ್ಯೋ' ಎನಿಸುವ ಹೊತ್ತಿಗೆ ಚೆಂಡು ಕ್ಲಬ್ ಬಿಟ್ಟು ಸುಮಾರು ಒಂದು ಮೀಟರ್ ದೂರ ಹೋಗಿರುತ್ತದೆ. ಆ ಹೊಡೆತವನ್ನು ಯಾರೂ ತಿದ್ದಲಾರರು.

ಮುಂದಿನ ಹೊಡೆತಕ್ಕಾದರೂ ಪಾಠವಾಗುವುದಿಲ್ಲವೇ? ಆಗಬಹುದು, ಆದರೆ ಅರ್ಧ ಪಾಠ. ಜುಮ್ಮೆನ್ನುವ ಕೈ ತಪ್ಪಾಗಿದೆ ಎಂದಷ್ಟೇ ಹೇಳುತ್ತದೆ. ಏಕೆ ತಪ್ಪಾಯಿತು ಎನ್ನುವುದಿಲ್ಲ. ಚೆಂಡಿನಿಂದ ದೂರ ನಿಂತಿರಾ, ಮಣಿಕಟ್ಟು ಬೇಗ ಬಿಟ್ಟಿರಾ, ಭಾರ ಹಿಂದಿನ ಕಾಲಲ್ಲೇ ಉಳಿಯಿತಾ? ಇದನ್ನು ಹೇಳಬೇಕಾದವರು ತರಬೇತುದಾರರು, ಇಲ್ಲವೇ ಪಕ್ಕದಲ್ಲಿ ಸ್ನೇಹಿತರು ಹಿಡಿದ ಮೊಬೈಲ್ ವಿಡಿಯೊ. ಕ್ಯಾವಿಟಿ ಬ್ಯಾಕ್ ಕೂಡ ಮೂಗ ಅಲ್ಲ. ಅಂಚಿನಲ್ಲಿ ತಾಗಿದರೆ ಅದರ ಸದ್ದೇ ಬೇರೆ. ಕೈಗೆ 'ಮೃದು' ಅನ್ನಿಸುವುದರಲ್ಲಿ ಕಿವಿಗೆ ಬೀಳುವ ಸದ್ದಿನ ಪಾತ್ರ ದೊಡ್ಡದು.

ನುರಿತವರಿಗೆ ಬ್ಲೇಡ್‌ನಿಂದ ಲಾಭ ಇದೆಯೇ ಎಂದರೆ, ಇದೆ. ತಲೆ ಚಿಕ್ಕದು, ಅಡಿ ತೆಳ್ಳಗೆ. ಚೆಂಡನ್ನು ಬೇಕೆಂದೇ ತಗ್ಗಿನಲ್ಲಿ ಹಾರಿಸುವುದು, ಎಡಕ್ಕೋ ಬಲಕ್ಕೋ ಬಾಗಿಸುವುದು ತಮಗೆ ಇದರಲ್ಲಿ ಸಲೀಸು ಎಂದು ಅಂಥ ಆಟಗಾರರು ಹೇಳುತ್ತಾರೆ. ಟೈಗರ್ ವುಡ್ಸ್ ಅವರ ಟೇಲರ್‌ಮೇಡ್ ಪಿ7ಟಿಡಬ್ಲ್ಯು ಬ್ಲೇಡೇ. ಆದರೆ ಮುಖದ ಮೇಲೆ ಅವರ ಹೊಡೆತದ ಗುರುತುಗಳೆಲ್ಲ ಒಂದು ಸಣ್ಣ ನಾಣ್ಯದೊಳಗೆ ಮುಚ್ಚಿಹೋಗುತ್ತವೆ ಎಂದರೆ ಅತಿಶಯವಲ್ಲ. ಅಂಚಿನ ರಕ್ಷಣೆ ಅವರಿಗೆ ಅಷ್ಟಾಗಿ ಬೇಕಿಲ್ಲ. ಇಷ್ಟಿದ್ದೂ ವೃತ್ತಿಪರರೆಲ್ಲ ಬ್ಲೇಡ್ ಹಿಡಿಯುತ್ತಾರೆ ಎಂಬುದು ಸುಳ್ಳು. ನಾರ್ವೆಯ ವಿಕ್ಟರ್ ಹೋವ್ಲಾಂಡ್ ವರ್ಷಗಟ್ಟಲೆ ಆಡಿದ್ದು ಪಿಂಗ್ ಐ210 ಎಂಬ ಕ್ಯಾವಿಟಿ ಬ್ಯಾಕ್‌ನಲ್ಲಿ. ಎರಡನ್ನೂ ಬೆರೆಸಿ, ಉದ್ದದ ಐರನ್ ಕ್ಯಾವಿಟಿ, ಗಿಡ್ಡ ಐರನ್ ಬ್ಲೇಡ್ ಇಟ್ಟುಕೊಳ್ಳುವ ವೃತ್ತಿಪರರೂ ಇದ್ದಾರೆ.

'15 ಗಜ ಹೆಚ್ಚು ದೂರ' ಎಲ್ಲಿಂದ ಬರುತ್ತದೆ?

ಇಲ್ಲಿ ವ್ಯಾಪಾರದ ಒಂದು ಜಾಣ್ಮೆ ಇದೆ. ಐರನ್ ಮೇಲಿನ ಸಂಖ್ಯೆಗೂ ಮುಖದ ಕೋನಕ್ಕೂ ಯಾವ ನಿಯಮದ ಕಟ್ಟೂ ಇಲ್ಲ. ಹಳೆಯ ಕ್ರಮದ ಬ್ಲೇಡ್ ಸೆಟ್‌ನಲ್ಲಿ 7 ನಂಬರ್‌ನ ಕೋನ ಸುಮಾರು 35 ಡಿಗ್ರಿ. ಇಂದಿನ, ಹೊಸಬರಿಗೆಂದೇ ಮಾಡಿದ ಹಲವು ಸೆಟ್‌ಗಳಲ್ಲಿ 28ರಿಂದ 30 ಡಿಗ್ರಿ. ಅಂದರೆ ಹಿಂದೆ 5 ಅಥವಾ 6 ಎಂದು ಕರೆಯುತ್ತಿದ್ದ ಕೋನದ ಮೇಲೆ ಈಗ 7 ಎಂದು ಕೆತ್ತಿದ್ದಾರೆ. ತೆಳುವಾದ ಮುಖ ಚೆಂಡನ್ನು ತುಸು ಹೆಚ್ಚು ಚಿಮ್ಮಿಸುತ್ತದೆ ಎಂಬುದೂ ನಿಜ, ತೂಕ ಕೆಳಗಿರುವುದರಿಂದ ಚೆಂಡು ಸ್ವಲ್ಪ ಮೇಲೇರುವುದೂ ನಿಜ. ಆದರೆ ಅಂಗಡಿಯಲ್ಲಿ 7ನ್ನು 7ರ ಜೊತೆ ಹೋಲಿಸಿ ಬೆರಗಾಗುವ ಮೊದಲು ಎರಡರ ಡಿಗ್ರಿ ಕೇಳಿ.

ಇದರಿಂದ ಎರಡು ತೊಂದರೆ ಹುಟ್ಟುತ್ತವೆ. ನಿಧಾನವಾಗಿ ಕ್ಲಬ್ ಬೀಸುವವರಿಗೆ ಕೋನ ಕಡಿಮೆಯಾದರೆ ಚೆಂಡು ಸಾಕಷ್ಟು ಏರದೆ, ಗ್ರೀನ್‌ಗೆ ಬಿದ್ದು, ನಿಲ್ಲದೆ ಆಚೆ ಉರುಳಿಹೋಗುತ್ತದೆ. ಬೇಸಿಗೆಯಲ್ಲಿ ಗ್ರೀನ್ ಗಟ್ಟಿಯಾದಾಗಂತೂ ಇದು ಇನ್ನೂ ಹೆಚ್ಚು. ಎರಡನೆಯದು ಸೆಟ್‌ನ ಕೊನೆಯಲ್ಲಿ ಬೀಳುವ ಕಂದಕ. ಇಂಥ ಸೆಟ್‌ಗಳ ಪಿಚಿಂಗ್ ವೆಜ್ 43-44 ಡಿಗ್ರಿ ಇರುತ್ತದೆ, ನಿಮ್ಮ ಬಳಿಯ ಸ್ಯಾಂಡ್ ವೆಜ್ 56. ನಡುವಿನ 12 ಡಿಗ್ರಿಗೆ ಕ್ಲಬ್ಬೇ ಇಲ್ಲ! 'ಗ್ಯಾಪ್ ವೆಜ್' ಎಂದು ಮತ್ತೊಂದನ್ನು ಕೊಳ್ಳಬೇಕಾಗುತ್ತದೆ. ಬಜೆಟ್ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ದೂರದ ಹುಚ್ಚಿಗೆ ಮದ್ದು ಬೇಕಿದ್ದರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಬಹುದು. ದೂರ ಹೊಡೆಯುವುದಕ್ಕಿಂತ ಪಟಿಂಗ್‌ಗೆ ಹೆಸರಾದ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಯಾವ ತಪ್ಪನ್ನು ಇದು ಮನ್ನಿಸುವುದಿಲ್ಲ?

ಚೆಂಡಿಗಿಂತ ಮೊದಲು ನೆಲ ಕೆರೆದರೆ ಯಾವ ಐರನ್ನೂ ಪೂರ್ತಿ ಕಾಪಾಡದು. ಅಗಲವಾದ ಅಡಿ ಮಣ್ಣಿಗೆ ಆಳವಾಗಿ ನಾಟದೆ ಜಾರುವುದರಿಂದ ಹಾನಿ ಸ್ವಲ್ಪ ಕಡಿಮೆ, ಅಷ್ಟೇ. ಚೆಂಡಿನ ತಲೆಗೆ ಹೊಡೆದು ನೆಲದ ಮೇಲೆ ಓಡಿಸುವವರಿಗೂ ಇದೇ ಮಾತು. ಇನ್ನು ಬಾಳೆಹಣ್ಣಿನಂತೆ ಬಲಕ್ಕೆ ಬಾಗುವ 'ಸ್ಲೈಸ್': ಅದು ಬರುವುದು ಮುಖ ನೋಡುವ ದಿಕ್ಕಿಗೂ ಕ್ಲಬ್ ಬೀಸಿದ ದಾರಿಗೂ ಹೊಂದದೆ ಇರುವುದರಿಂದ. ತೂಕ ಅಂಚಿನಲ್ಲಿದ್ದ ಮಾತ್ರಕ್ಕೆ ಆ ಹೊಂದಾಣಿಕೆ ಬಂದುಬಿಡುವುದಿಲ್ಲ. ಮುಖವನ್ನು ಕೋಲಿಗಿಂತ ತುಸು ಹಿಂದಿಟ್ಟ ವಿನ್ಯಾಸದಿಂದ ಕೆಲವರಿಗೆ ಸಹಾಯವಾಗುತ್ತದೆ, ಎಲ್ಲರಿಗೂ ಅಲ್ಲ. 'ಚೆಂಡು ತಾನೇ ನೇರ ಹೋಗುತ್ತದೆ' ಎಂಬ ಫಾರ್ವರ್ಡ್ ಬಿದ್ದುಹೋಗುವುದು ಇಲ್ಲಿ.

ನಿಮಗೆ ಯಾವುದು? ಮಾರ್ಕರ್ ಪೆನ್ ಕೇಳಿ

ಒಂದು ವೈಟ್‌ಬೋರ್ಡ್ ಮಾರ್ಕರ್ ತೆಗೆದುಕೊಂಡು ಅಭ್ಯಾಸದ ಮೈದಾನಕ್ಕೆ ಹೋಗಿ. ಚೆಂಡಿನ ಮೇಲೆ ದಪ್ಪ ಚುಕ್ಕೆ ಇಟ್ಟು, ಚುಕ್ಕೆ ಕ್ಲಬ್‌ನ ಕಡೆ ಬರುವಂತೆ ಚೆಂಡನ್ನಿಟ್ಟು ಹೊಡೆಯಿರಿ. ಎಲ್ಲಿ ತಾಗಿತೋ ಅಲ್ಲಿ ಮುಖದ ಮೇಲೆ ಗುರುತು ಬೀಳುತ್ತದೆ. ಒಂದೇ ಐರನ್‌ನಲ್ಲಿ ಹದಿನೈದು ಸಲ ಹೊಡೆದು, ಗುರುತುಗಳ ಫೋಟೊ ತೆಗೆಯಿರಿ. ಅವು ಮುಖದ ತುಂಬ ಚೆಲ್ಲಾಡಿದ್ದರೆ ನಿಮಗೆ ಕ್ಯಾವಿಟಿ ಬ್ಯಾಕೇ ಬೇಕು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಎಲ್ಲವೂ ನಡುವೆ ಒತ್ತಾಗಿ ಬಿದ್ದಿದ್ದರೆ ಸಣ್ಣ ತಲೆಯ ಐರನ್ ಪ್ರಯತ್ನಿಸಬಹುದು. ಎಲ್ಲವೂ ಒಂದೇ ಕಡೆ, ಉದಾಹರಣೆಗೆ ತುದಿಯಲ್ಲೇ ಒತ್ತಾಗಿದ್ದರೆ, ಅದು ತಲೆಯ ಆಕಾರದ ಸಮಸ್ಯೆ ಅಲ್ಲದಿರಬಹುದು. ನೀವು ನಿಲ್ಲುವ ದೂರವನ್ನೂ ಕೋಲಿನ ಉದ್ದವನ್ನೂ ಮೊದಲು ನೋಡಿಸಿ.

ಕೋಲಿನ ವಿಷಯವನ್ನು ಹೊಸಬರು ಕೇಳುವುದೇ ಇಲ್ಲ, ಅದು ನಮಗೆ ಸೋಜಿಗ. ಉಕ್ಕಿನ ಕೋಲು ಸಾಮಾನ್ಯವಾಗಿ 95ರಿಂದ 130 ಗ್ರಾಂ, ಗ್ರಾಫೈಟ್ ಅದಕ್ಕಿಂತ ಸಾಕಷ್ಟು ಹಗುರ ಮತ್ತು ಕಂಪನವನ್ನು ಕೈಗೆ ಕಡಿಮೆ ತಲುಪಿಸುತ್ತದೆ. ವಯಸ್ಸಾದವರಿಗೆ, ಮೊಣಕೈ ಅಥವಾ ಮಣಿಕಟ್ಟಿನ ನೋವಿರುವವರಿಗೆ ಬ್ಲೇಡೋ ಕ್ಯಾವಿಟಿಯೋ ಎಂಬುದಕ್ಕಿಂತ ಇದೇ ಮೊದಲು ಕೇಳಬೇಕಾದ ಪ್ರಶ್ನೆ. ನೋವು ವಾರಗಟ್ಟಲೆ ಉಳಿದರೆ ಕ್ಲಬ್ ಬದಲಿಸುತ್ತಾ ಕೂರದೆ ವೈದ್ಯರ ಬಳಿ ಹೋಗಿ. 3 ಮತ್ತು 4 ನಂಬರ್ ಐರನ್‌ಗಳನ್ನು ಹೊಸಬರು ಕೊಳ್ಳದಿರುವುದೇ ಒಳಿತು, ಆ ದೂರಕ್ಕೆ ಹೈಬ್ರಿಡ್ ಕ್ಲಬ್ ಸುಲಭ.

'ಫೋರ್ಜ್ಡ್' ಎಂಬ ಅಕ್ಷರ ಕಂಡರೆ ಅದು ಬ್ಲೇಡ್ ಎಂದುಕೊಳ್ಳಬೇಡಿ. ಬಡಿದು ಮಾಡಿದ ಕ್ಯಾವಿಟಿ ಬ್ಯಾಕ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಮೆದು ಕಾರ್ಬನ್ ಉಕ್ಕಿನ ತಲೆಯನ್ನು ನಿಮ್ಮ ಎತ್ತರಕ್ಕೆ ತಕ್ಕಂತೆ ಒಂದೆರಡು ಡಿಗ್ರಿ ಬಗ್ಗಿಸುವುದು ಸುಲಭ ಎಂಬುದು ಅದರ ನಿಜವಾದ ಅನುಕೂಲ.

ಹಣ ಉಳಿಸಬೇಕೆಂದರೆ ನಾಲ್ಕೈದು ವರ್ಷ ಹಳೆಯ ಕ್ಯಾವಿಟಿ ಬ್ಯಾಕ್ ಸೆಟ್ ನೋಡಿ. ತೂಕ ಹಂಚುವ ಭೌತಶಾಸ್ತ್ರ ಪ್ರತಿ ವರ್ಷ ಬದಲಾಗುವುದಿಲ್ಲ. ಮುಖದ ಗೀರುಗಳು ಸವೆದಿವೆಯೇ, ಕೋಲುಗಳೆಲ್ಲ ಒಂದೇ ಬಗೆಯವೇ ಎಂದು ಪರೀಕ್ಷಿಸಿ. ಹಿಡಿಯ ರಬ್ಬರ್ ಗಟ್ಟಿಯಾಗಿದ್ದರೆ ಬೆಲೆ ಇಳಿಸಲು ಕೇಳಿ, ಅದನ್ನು ಬದಲಿಸಬಹುದು. ಹೊಸ ಮಾದರಿಯ ಪೂರ್ತಿ ಸೆಟ್ ಕಾಲು ಬೆಲೆಗೆ ಎಂಬ ಲಿಂಕ್ ಮೊಬೈಲ್‌ಗೆ ಬಂದರೆ ಒತ್ತಬೇಡಿ, ಹೆಸರಾಂತ ಕಂಪನಿಗಳ ನಕಲಿ ಕ್ಲಬ್‌ಗಳ ದಂಧೆ ಜಗತ್ತಿನಾದ್ಯಂತ ಇದೆ. ಕತ್ತಿನ ಬಳಿ ಕ್ರಮಸಂಖ್ಯೆ ಇದ್ದರೆ ಅದರ ಫೋಟೊ ಕೇಳಿ, ಕಂಪನಿಯ ಅಧಿಕೃತ ಮಾರಾಟಗಾರರಿಗೆ ತೋರಿಸಿದ ಮೇಲೆ ಹಣ ಕೊಡಿ. ಮಾವನೋ ಚಿಕ್ಕಪ್ಪನೋ ಕೊಟ್ಟ ಹಳೆಯ ಬ್ಲೇಡ್ ಸೆಟ್ ಮನೆಯಲ್ಲಿದ್ದರೆ ಮಾರಬೇಡಿ. ಅದರ 7 ನಂಬರ್ ಒಂದನ್ನು ಅಭ್ಯಾಸಕ್ಕೆ ಚೀಲದಲ್ಲಿಡಿ, ಮಾರ್ಕರ್ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಅದರಲ್ಲೂ ಮಾಡಿ, ಹಳೆಯ ಫೋಟೊ ಜೊತೆ ಹೋಲಿಸಿ ನೋಡಿ.